ಮನೆಯೊಳಗಿನ ಗಾಳಿಯ ಶುದ್ಧತೆ: ವಾಯು ಶೋಧಕಗಳ ಆಯ್ಕೆ, ಬಳಕೆ ಮತ್ತು ಬದಲಾವಣೆ

1. ಪೀಠಿಕೆ

ಹೊರಗಿನ ಗಾಳಿಯ ಗುಣಮಟ್ಟವನ್ನು ಅಳೆಯುವ ಕೇಂದ್ರಗಳು ರಾಜ್ಯದ ಪ್ರಮುಖ ನಗರಗಳಲ್ಲಿ ಕಾರ್ಯನಿರ್ವಹಿಸುತ್ತಿವೆ. ಆದರೆ ಮನೆಯೊಳಗಿನ ಗಾಳಿಯನ್ನು ಸಾಮಾನ್ಯವಾಗಿ ಯಾರೂ ಅಳೆಯುವುದಿಲ್ಲ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು ಹಾಗೂ ದೀರ್ಘಕಾಲದ ಕಾಯಿಲೆಯಿಂದ ಬಳಲುವವರು ದಿನದ ಬಹುಪಾಲು ಸಮಯವನ್ನು ಮನೆಯೊಳಗೇ ಕಳೆಯುತ್ತಾರೆ. ಆದ್ದರಿಂದ ಮನೆಯೊಳಗಿನ ಗಾಳಿಯು ಹೊರಗಿನ ಗಾಳಿಯಷ್ಟೇ ಮುಖ್ಯವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಅಡುಗೆ ಮುಂತಾದ ಕಾರ್ಯಗಳಿಗೆ ಮನೆಯಲ್ಲಿ ಉರಿಸುವ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಮರಣ ಹೊಂದಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಏರ್ ಪ್ಯೂರಿಫೈಯರ್ ಎಂದು ಕರೆಯಲಾಗುವ ವಾಯು ಶುದ್ಧೀಕರಣ ಯಂತ್ರಗಳನ್ನು ಖರೀದಿಸುವ ಕುಟುಂಬಗಳ ಸಂಖ್ಯೆ ಹೆಚ್ಚುತ್ತಿದೆ. ಕೊಠಡಿಗೆ ಸಾಲದ ಯಂತ್ರವನ್ನು ಖರೀದಿಸಿದಲ್ಲಿ ಅಥವಾ ಫಿಲ್ಟರನ್ನು ಸಕಾಲದಲ್ಲಿ ಬದಲಾಯಿಸದಿದ್ದಲ್ಲಿ ಹಣ ವ್ಯಯವಾಗುವುದೇ ಹೊರತು ಗಾಳಿಯು ಶುದ್ಧವಾಗುವುದಿಲ್ಲ. ಗಾಳಿ ಶುದ್ಧವಾಗಿದೆಯೆಂಬ ತಪ್ಪು ಭರವಸೆಯಿಂದ ಇತರ ಮುನ್ನೆಚ್ಚರಿಕೆಗಳನ್ನು ಕೈಬಿಡುವ ಅಪಾಯವೂ ಇರುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಮನೆಯೊಳಗಿನ ಮಾಲಿನ್ಯದ ಮೂಲಗಳು

ಗಾಳಿಯಲ್ಲಿ ತೇಲುವ 2.5 ಮೈಕ್ರಾನ್ ಹಾಗೂ ಅದಕ್ಕಿಂತ ಕಡಿಮೆ ಗಾತ್ರದ ಕಣಗಳನ್ನು ಪಿ.ಎಂ. 2.5 ಎಂದು ಕರೆಯಲಾಗುತ್ತದೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಈ ಕಣಗಳು ತಲೆಗೂದಲಿನ ದಪ್ಪಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚಿಕ್ಕವಾಗಿರುವುದರಿಂದ ಶ್ವಾಸಕೋಶದ ಆಳಕ್ಕೆ ತಲುಪುತ್ತವೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಪರಿವೇಷ್ಟಕ ವಾಯು ಗುಣಮಟ್ಟ ಮಾನಕಗಳ ಪ್ರಕಾರ ಪಿ.ಎಂ. 2.5 ಪ್ರಮಾಣವು ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಗಳ ಸರಾಸರಿಯಲ್ಲಿ 60 ಮೈಕ್ರೊಗ್ರಾಂ ಹಾಗೂ ವಾರ್ಷಿಕ ಸರಾಸರಿಯಲ್ಲಿ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇವು ಕ್ರಮವಾಗಿ 15 ಮತ್ತು 5 ಮೈಕ್ರೊಗ್ರಾಂ ಆಗಿರುತ್ತವೆ.

ರಾಜ್ಯದ ಮನೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಮಾಲಿನ್ಯದ ಮೂಲಗಳು ಈ ಕೆಳಗಿನಂತಿವೆ:

(ಅ) ಸೌದೆ, ಬೆರಣಿ, ತೆಂಗಿನ ಗರಿ ಮುಂತಾದವುಗಳನ್ನು ಉರಿಸುವ ಅಡುಗೆ ಒಲೆ ಮತ್ತು ನೀರು ಕಾಯಿಸುವ ಬಚ್ಚಲ ಒಲೆ.
(ಆ) ಒಗ್ಗರಣೆ ಹಾಗೂ ಎಣ್ಣೆಯಲ್ಲಿ ಕರಿಯುವಾಗ ಏಳುವ ಹೊಗೆ ಮತ್ತು ಜಿಡ್ಡು.
(ಇ) ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಧೂಪ ಮತ್ತು ಕರ್ಪೂರ.
(ಈ) ಬೀಡಿ ಮತ್ತು ಸಿಗರೇಟಿನ ಹೊಗೆ.
(ಉ) ರಸ್ತೆ, ಕಟ್ಟಡ ಕಾಮಗಾರಿ ಮತ್ತು ವಾಹನಗಳಿಂದ ಒಳಬರುವ ಧೂಳು ಹಾಗೂ ಹೊಗೆ.
(ಊ) ಮಲೆನಾಡು ಮತ್ತು ಕರಾವಳಿ ಪ್ರದೇಶಗಳಲ್ಲಿ ಮಳೆಗಾಲದ ತೇವದಿಂದ ಗೋಡೆ, ಹಾಸಿಗೆ ಮತ್ತು ಕಪಾಟುಗಳಲ್ಲಿ ಬೆಳೆಯುವ ಬೂಷ್ಟು.
(ಋ) ಹೊಸ ಬಣ್ಣ, ವಾರ್ನಿಷ್ ಮತ್ತು ಪ್ಲೈವುಡ್ ಪೀಠೋಪಕರಣಗಳಿಂದ ಹೊರಬರುವ ಆವಿ.

2003ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನದ ಪ್ರಕಾರ, ಒಂದು ಸೊಳ್ಳೆ ಬತ್ತಿಯು ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣವು 75ರಿಂದ 137 ಸಿಗರೇಟುಗಳಿಂದ ಬರುವ ಪ್ರಮಾಣಕ್ಕೆ ಸಮನಾಗಿರುತ್ತದೆ.

3. ಶೋಧಕಕ್ಕೆ ಮೊದಲು ಕೈಗೊಳ್ಳಬೇಕಾದ ಕ್ರಮಗಳು

ಮನೆಯ ಗಾಳಿಯನ್ನು ಶುದ್ಧವಾಗಿಡುವ ಕ್ರಮಗಳನ್ನು ಮೂರು ಹಂತಗಳಲ್ಲಿ ಕೈಗೊಳ್ಳತಕ್ಕದ್ದು. ಮಾಲಿನ್ಯದ ಮೂಲವನ್ನು ನಿವಾರಿಸುವುದು ಮೊದಲನೆಯದು, ಗಾಳಿಯ ಸಂಚಾರವನ್ನು ಒದಗಿಸುವುದು ಎರಡನೆಯದು, ಗಾಳಿಯನ್ನು ಶೋಧಿಸುವುದು ಮೂರನೆಯದು. ಮೊದಲ ಎರಡು ಹಂತಗಳಿಗೆ ತಗಲುವ ವೆಚ್ಚ ಕಡಿಮೆ, ಪ್ರಯೋಜನ ಹೆಚ್ಚು.

ಮೂಲದ ನಿವಾರಣೆ: ಅಡುಗೆಗೆ ಅನಿಲ ಅಥವಾ ವಿದ್ಯುತ್ ಒಲೆಯನ್ನು ಬಳಸುವುದು ಸೂಕ್ತ. ಸೌದೆ ಒಲೆ ಅನಿವಾರ್ಯವಾದಲ್ಲಿ ಹೊಗೆ ಕೊಳವೆಯುಳ್ಳ ಒಲೆಯನ್ನು ಬಳಸತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಭಿವೃದ್ಧಿಪಡಿಸಲಾದ ಅಸ್ತ್ರ ಒಲೆಯು ಇದಕ್ಕೆ ಉತ್ತಮ ಉದಾಹರಣೆ. ಇಂತಹ ಒಲೆಯ ಕೊಳವೆಯಲ್ಲಿ ಕಟ್ಟುವ ಮಸಿಯನ್ನು ಆಗಾಗ್ಗೆ ತೆಗೆಯದಿದ್ದಲ್ಲಿ ಹೊಗೆಯು ಮತ್ತೆ ಮನೆಯೊಳಗೇ ತುಂಬಿಕೊಳ್ಳುತ್ತದೆ. ಸೊಳ್ಳೆ ಬತ್ತಿಯ ಬದಲಿಗೆ ಸೊಳ್ಳೆ ಪರದೆ ಮತ್ತು ಕಿಟಕಿಗೆ ಜಾಲರಿಯನ್ನು ಬಳಸುವುದು, ಊದುಬತ್ತಿಯನ್ನು ಕಿಟಕಿ ತೆರೆದು ಹಚ್ಚುವುದು, ಒಣ ಪೊರಕೆಯಿಂದ ಗುಡಿಸುವ ಬದಲಿಗೆ ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಪರಿಣಾಮಕಾರಿ ಕ್ರಮಗಳಾಗಿವೆ. ಬೂಷ್ಟು ಬೆಳೆದಲ್ಲಿ ಮೊದಲು ನೀರು ಸೋರಿಕೆಯನ್ನು ಸರಿಪಡಿಸಬೇಕು.

ಗಾಳಿಯ ಸಂಚಾರ: ಎದುರುಬದುರಾದ ಕಿಟಕಿಗಳನ್ನು ತೆರೆದಾಗ ಒಳಗಿನ ಗಾಳಿಯು ಶೀಘ್ರವಾಗಿ ಬದಲಾಗುತ್ತದೆ. ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಅಥವಾ ಚಿಮಣಿಯನ್ನು ಚಾಲನೆಯಲ್ಲಿಟ್ಟು, ಅಡುಗೆ ಮುಗಿದ ನಂತರವೂ ಸುಮಾರು ಹತ್ತು ನಿಮಿಷ ಮುಂದುವರಿಸುವುದು ಉತ್ತಮ. ಹೊರಗಿನ ಗಾಳಿಯ ಸ್ಥಿತಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದಾಗಿದೆ. ವಾಯು ಗುಣಮಟ್ಟ ಸೂಚ್ಯಂಕವು 0–50 ಇದ್ದಲ್ಲಿ ಉತ್ತಮ, 51–100 ಇದ್ದಲ್ಲಿ ತೃಪ್ತಿಕರ, 101–200 ಇದ್ದಲ್ಲಿ ಸಾಧಾರಣ ಹಾಗೂ 201ಕ್ಕಿಂತ ಮೇಲ್ಪಟ್ಟಲ್ಲಿ ಕಳಪೆ ಎಂದು ಪರಿಗಣಿಸಲಾಗುತ್ತದೆ. ಸೂಚ್ಯಂಕವು 100ರ ಒಳಗಿರುವ ವೇಳೆಯಲ್ಲಿ ಕಿಟಕಿಗಳನ್ನು ತೆರೆದಿಡುವುದು ಸೂಕ್ತ.

ಈ ಎರಡು ಕ್ರಮಗಳ ನಂತರವೂ ತೊಂದರೆ ಉಳಿದಲ್ಲಿ, ಅಂದರೆ ಮನೆಯು ವಾಹನ ದಟ್ಟಣೆಯ ರಸ್ತೆಯ ಪಕ್ಕದಲ್ಲಿದ್ದಲ್ಲಿ ಅಥವಾ ಮನೆಯಲ್ಲಿ ಉಬ್ಬಸ, ಧೂಳಿನ ಅಲರ್ಜಿ ಮುಂತಾದ ಕಾಯಿಲೆಗಳಿಂದ ಬಳಲುವವರಿದ್ದಲ್ಲಿ, ಶುದ್ಧೀಕರಣ ಯಂತ್ರದಿಂದ ಪ್ರಯೋಜನವಾಗುತ್ತದೆ. ಸೌದೆ ಒಲೆಯ ಹೊಗೆಯಿರುವ ಮನೆಗೆ ಇದು ಪರಿಹಾರವಲ್ಲ. ಆ ಹೊಗೆಯಲ್ಲಿ ಫಿಲ್ಟರ್ ಬಹು ಬೇಗ ಕಟ್ಟಿಕೊಳ್ಳುತ್ತದೆ.

4. ಪ್ರಮುಖ ಎಚ್ಚರಿಕೆ: ಶೋಧಕದಿಂದ ನಿವಾರಣೆಯಾಗದ ಅಪಾಯ

ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಗೃಹ ಬಳಕೆಯ ಯಾವುದೇ ವಾಯು ಶೋಧಕವು ಈ ಅನಿಲವನ್ನು ತಡೆಯುವುದಿಲ್ಲ. ಕಿಟಕಿಯಿಲ್ಲದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಬಳಸಿದ್ದರಿಂದ ರಾಜ್ಯದಲ್ಲಿ ಹಲವು ಬಾರಿ ಸಾವುಗಳು ಸಂಭವಿಸಿವೆ. ಮುಚ್ಚಿದ ಕೊಠಡಿಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದೂ ಅಷ್ಟೇ ಅಪಾಯಕಾರಿ. ಆದ್ದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ತಪ್ಪದೇ ಪಾಲಿಸತಕ್ಕದ್ದು:

(ಅ) ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಅಳವಡಿಸುವುದು ಮತ್ತು ಅದರ ಹೊಗೆಯು ಮನೆಯಿಂದ ಹೊರಹೋಗುವಂತೆ ವ್ಯವಸ್ಥೆ ಮಾಡುವುದು.
(ಆ) ಮುಚ್ಚಿದ ಕೊಠಡಿಯಲ್ಲಿ ಇದ್ದಿಲು ಅಥವಾ ಸೌದೆಯನ್ನು ಉರಿಸಿ ಮಲಗದಿರುವುದು.
(ಇ) ಮನೆಯೊಳಗೆ ಅಥವಾ ಕಿಟಕಿಯ ಪಕ್ಕದಲ್ಲಿ ಜನರೇಟರ್ ಚಾಲನೆ ಮಾಡದಿರುವುದು.
(ಈ) ತಲೆನೋವು, ತಲೆಸುತ್ತು, ವಾಕರಿಕೆ ಕಂಡುಬಂದಲ್ಲಿ ಕೂಡಲೇ ಎಲ್ಲರೂ ಹೊರಗೆ ಬಂದು 108ಕ್ಕೆ ಕರೆ ಮಾಡುವುದು.

ಅಡುಗೆ ಅನಿಲ ಸೋರಿಕೆಯ ತುರ್ತು ಸಂದರ್ಭದಲ್ಲಿ 1906 ಸಂಖ್ಯೆಗೆ ಕರೆ ಮಾಡಬಹುದಾಗಿದೆ.

5. ಶೋಧಕಗಳ ವಿಧಗಳು

5.1 ಏ.ಸಿ. ಜಾಲರಿ: ಸ್ಪ್ಲಿಟ್ ಏ.ಸಿ. ಯಂತ್ರದ ಮುಂಭಾಗದಲ್ಲಿರುವ ಜಾಲರಿಯು ದಪ್ಪ ಧೂಳು, ಕೂದಲು ಮತ್ತು ಹತ್ತಿಯ ಎಳೆಗಳನ್ನು ತಡೆಯುತ್ತದೆ. ಇದರ ಉದ್ದೇಶ ಯಂತ್ರದ ರಕ್ಷಣೆಯಾಗಿದ್ದು, ಸೂಕ್ಷ್ಮ ಕಣಗಳನ್ನು ಹಿಡಿಯುವ ಸಾಮರ್ಥ್ಯ ಇದಕ್ಕಿರುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಏ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ; ಕೊಠಡಿಯ ಗಾಳಿಯನ್ನೇ ತಂಪುಗೊಳಿಸಿ ಮತ್ತೆ ಬಿಡುತ್ತದೆ.

5.2 ಪೂರ್ವ ಶೋಧಕ: ಪ್ರಿ-ಫಿಲ್ಟರ್ ಎಂದು ಕರೆಯಲಾಗುವ ಇದು ಶುದ್ಧೀಕರಣ ಯಂತ್ರದ ಮೊದಲ ಪದರ. ದೊಡ್ಡ ಕಣಗಳನ್ನು ತಡೆದು ಒಳಗಿನ ದುಬಾರಿ ಫಿಲ್ಟರಿನ ಬಾಳಿಕೆಯನ್ನು ಹೆಚ್ಚಿಸುತ್ತದೆ. ಬಹುತೇಕ ಯಂತ್ರಗಳಲ್ಲಿ ಇದನ್ನು ತೊಳೆದು ಮರುಬಳಕೆ ಮಾಡಬಹುದಾಗಿದೆ.

5.3 ಹೆಪಾ ಫಿಲ್ಟರ್: ಸೂಕ್ಷ್ಮ ಕಣಗಳನ್ನು ಹಿಡಿಯುವ ಮುಖ್ಯ ಪದರ ಇದಾಗಿರುತ್ತದೆ. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ. ಅಂದರೆ 10,000 ಕಣಗಳಲ್ಲಿ ಮೂರು ಮಾತ್ರ ಪಾರಾಗುತ್ತವೆ. ಈ ಗಾತ್ರದ ಕಣಗಳನ್ನು ಹಿಡಿಯುವುದೇ ಅತ್ಯಂತ ಕಷ್ಟಕರವಾದುದರಿಂದ ಪರೀಕ್ಷೆಗೆ ಇದನ್ನು ಆರಿಸಲಾಗಿದೆ. ಇದಕ್ಕಿಂತ ದೊಡ್ಡ ಕಣಗಳು ನಾರುಗಳಿಗೆ ಬಡಿದು ಸಿಲುಕುತ್ತವೆ. ಚಿಕ್ಕ ಕಣಗಳು ಗಾಳಿಯಲ್ಲಿ ಅತ್ತಿತ್ತ ಚಲಿಸುತ್ತಾ ನಾರುಗಳಿಗೆ ಅಂಟಿಕೊಳ್ಳುತ್ತವೆ. ಐರೋಪ್ಯ ಮಾನಕದಲ್ಲಿ ಎಚ್ 13 ದರ್ಜೆಯ ಫಿಲ್ಟರ್ ಕನಿಷ್ಠ ಶೇ. 99.95ರಷ್ಟು ಕಣಗಳನ್ನು ಹಿಡಿಯಬೇಕು. "ಹೆಪಾ ಮಾದರಿಯ" ಅಥವಾ "ಹೆಪಾದಂತಹ" ಎಂಬ ಬರಹವು ಯಾವುದೇ ದರ್ಜೆಯನ್ನು ಸೂಚಿಸುವುದಿಲ್ಲ ಎಂಬುದನ್ನು ಗ್ರಾಹಕರು ಗಮನಿಸತಕ್ಕದ್ದು.

5.4 ಸಕ್ರಿಯ ಇದ್ದಿಲಿನ ಫಿಲ್ಟರ್: ವಾಸನೆ ಮತ್ತು ಕೆಲವು ರಾಸಾಯನಿಕ ಆವಿಗಳನ್ನು ಹೀರಿಕೊಳ್ಳುತ್ತದೆ. ಹೆಪಾ ಫಿಲ್ಟರ್ ಈ ಕೆಲಸವನ್ನು ಮಾಡುವುದಿಲ್ಲ. ಇದ್ದಿಲಿನ ಪ್ರಮಾಣ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಇದ್ದಿಲಿನ ಪುಡಿಯನ್ನು ತೆಳುವಾಗಿ ಲೇಪಿಸಿದ ಹಾಳೆಯು ಬೇಗನೆ ನಿರುಪಯುಕ್ತವಾಗುತ್ತದೆ.

5.5 ಅಡುಗೆಮನೆಯ ಚಿಮಣಿ ಫಿಲ್ಟರ್: ಲೋಹದ ಜಾಲರಿ ಅಥವಾ ಪಟ್ಟಿಗಳುಳ್ಳ ಈ ಫಿಲ್ಟರ್ ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆ. ಕೊಳವೆಯ ಮೂಲಕ ಹೊಗೆಯನ್ನು ಹೊರಹಾಕುವ ಚಿಮಣಿಯೇ ಉತ್ತಮ. ಕೊಳವೆಯಿಲ್ಲದ ಚಿಮಣಿಯು ಹೊಗೆಯನ್ನು ಶೋಧಿಸಿ ಅಡುಗೆಮನೆಗೇ ಮರಳಿಸುವುದರಿಂದ ಅದರ ಇದ್ದಿಲಿನ ಫಿಲ್ಟರನ್ನು ನಿಯತವಾಗಿ ಬದಲಾಯಿಸುವುದು ಅವಶ್ಯಕ.

5.6 ಓಜೋನ್ ಉತ್ಪಾದಿಸುವ ಯಂತ್ರಗಳು: ಓಜೋನ್ ಅನಿಲವು ಶ್ವಾಸಕೋಶಕ್ಕೆ ಹಾನಿಕರ. ಓಜೋನ್ ಬಿಡುಗಡೆ ಮಾಡಿ ಗಾಳಿಯನ್ನು ಶುದ್ಧಗೊಳಿಸುವುದಾಗಿ ಹೇಳುವ ಯಂತ್ರಗಳನ್ನು ಜನರಿರುವ ಕೊಠಡಿಯಲ್ಲಿ ಬಳಸಬಾರದು. ಅಯಾನು ಬಿಡುವ ವ್ಯವಸ್ಥೆಯಿರುವ ಯಂತ್ರಗಳಲ್ಲಿಯೂ ಓಜೋನ್ ಉತ್ಪತ್ತಿಯಾಗುವ ಸಾಧ್ಯತೆ ಇರುವುದರಿಂದ, ಆ ವ್ಯವಸ್ಥೆಯನ್ನು ನಿಲ್ಲಿಸಲು ಅವಕಾಶವಿರುವ ಯಂತ್ರವನ್ನು ಆರಿಸುವುದು ಒಳಿತು.

6. ಕೊಠಡಿಗೆ ತಕ್ಕ ಯಂತ್ರದ ಆಯ್ಕೆ

ಫಿಲ್ಟರ್ ಎಷ್ಟೇ ಉತ್ತಮವಾಗಿದ್ದರೂ ಅದರ ಮೂಲಕ ಸಾಕಷ್ಟು ಗಾಳಿ ಹಾಯದಿದ್ದಲ್ಲಿ ಪ್ರಯೋಜನವಿಲ್ಲ. ಯಂತ್ರವು ನಿರ್ದಿಷ್ಟ ಸಮಯದಲ್ಲಿ ಒದಗಿಸುವ ಶುದ್ಧ ಗಾಳಿಯ ಪ್ರಮಾಣವನ್ನು ಸಿ.ಎ.ಡಿ.ಆರ್. ಎಂಬ ಅಂಕಿಯಿಂದ ಸೂಚಿಸಲಾಗುತ್ತದೆ. ಖರೀದಿಯ ಸಮಯದಲ್ಲಿ ಮೊದಲು ನೋಡಬೇಕಾದುದು ಈ ಅಂಕಿಯನ್ನು. ಕೊಠಡಿಯ ಗಾಳಿಯು ಗಂಟೆಗೆ ಐದು ಬಾರಿ ಶೋಧನೆಯಾಗುವಂತೆ ಲೆಕ್ಕ ಹಾಕುವುದು ಸೂಕ್ತ. ಲೆಕ್ಕದ ಸುಲಭ ವಿಧಾನ ಈ ಕೆಳಗಿನಂತಿದೆ:

(ಅ) ಕೊಠಡಿಯ ಉದ್ದ, ಅಗಲ ಮತ್ತು ಎತ್ತರವನ್ನು ಅಡಿಗಳಲ್ಲಿ ಅಳೆದು ಗುಣಿಸುವುದು.
(ಆ) ಬಂದ ಮೊತ್ತವನ್ನು 12ರಿಂದ ಭಾಗಿಸುವುದು. ಇದು ನಿಮಿಷಕ್ಕೆ ಬೇಕಾದ ಘನ ಅಡಿ ಗಾಳಿ.
(ಇ) ಅದನ್ನು 1.7ರಿಂದ ಗುಣಿಸಿದಲ್ಲಿ ಗಂಟೆಗೆ ಬೇಕಾದ ಘನ ಮೀಟರ್ ಗಾಳಿ ದೊರೆಯುತ್ತದೆ.

ಉದಾಹರಣೆ: 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮಲಗುವ ಕೋಣೆಯ ಗಾತ್ರ 1,200 ಘನ ಅಡಿ. ಇದನ್ನು 12ರಿಂದ ಭಾಗಿಸಿದಲ್ಲಿ 100 ಘನ ಅಡಿ, ಅಂದರೆ ಗಂಟೆಗೆ 170 ಘನ ಮೀಟರ್. ಈ ಕೋಣೆಗೆ ಸಿ.ಎ.ಡಿ.ಆರ್. 170ಕ್ಕಿಂತ ಕಡಿಮೆಯಿರುವ ಯಂತ್ರ ಸಾಲುವುದಿಲ್ಲ.

ಪೆಟ್ಟಿಗೆಯ ಮೇಲೆ "ಇಷ್ಟು ಚದರ ಅಡಿ ಕೊಠಡಿಗೆ" ಎಂದು ನಮೂದಿಸುವಾಗ ಕೆಲವರು ಗಂಟೆಗೆ ಒಂದೆರಡು ಬಾರಿಯ ಶೋಧನೆಯನ್ನು ಮಾತ್ರ ಪರಿಗಣಿಸಿರುತ್ತಾರೆ. ಎಂಟು ಅಡಿ ಎತ್ತರದ ಚಾವಣಿಗೆ ಮಾಡಿದ ಲೆಕ್ಕವು ಹತ್ತು ಅಡಿ ಎತ್ತರದ ಮನೆಗೆ ಸರಿಹೊಂದುವುದಿಲ್ಲ. ಅಲ್ಲದೆ, ನಮೂದಿಸಿದ ಸಿ.ಎ.ಡಿ.ಆರ್. ಯಂತ್ರದ ಗರಿಷ್ಠ ವೇಗಕ್ಕೆ ಸಂಬಂಧಿಸಿರುತ್ತದೆ. ರಾತ್ರಿ ಶಬ್ದವಾಗದಂತೆ ಕಡಿಮೆ ವೇಗದಲ್ಲಿ ಬಳಸುವವರು ಲೆಕ್ಕಕ್ಕಿಂತ ಹೆಚ್ಚಿನ ಸಾಮರ್ಥ್ಯದ ಯಂತ್ರವನ್ನು ಆರಿಸತಕ್ಕದ್ದು. ಇಡೀ ಮನೆಗೆ ಒಂದೇ ಚಿಕ್ಕ ಯಂತ್ರವನ್ನು ನಡುಮನೆಯಲ್ಲಿಡುವುದಕ್ಕಿಂತ ರೋಗಿ ಅಥವಾ ಮಗು ಮಲಗುವ ಕೋಣೆಗೆ ಸರಿಯಾದ ಒಂದು ಯಂತ್ರವನ್ನಿಡುವುದು ಹೆಚ್ಚು ಪ್ರಯೋಜನಕಾರಿ.

7. ವೆಚ್ಚದ ಲೆಕ್ಕ

ಯಂತ್ರದ ಬೆಲೆಯೊಂದಿಗೆ ಫಿಲ್ಟರ್ ಬದಲಾವಣೆಯ ಮರುಕಳಿಸುವ ವೆಚ್ಚವನ್ನೂ ಪರಿಗಣಿಸತಕ್ಕದ್ದು. ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೀಡಲಾಗಿದೆ. ಮೊದಲ ವರ್ಷದ ಫಿಲ್ಟರ್ ಯಂತ್ರದೊಂದಿಗೇ ಬರುವುದರಿಂದ ಐದು ವರ್ಷಗಳಲ್ಲಿ ನಾಲ್ಕು ಬಾರಿ ಫಿಲ್ಟರ್ ಖರೀದಿಸಬೇಕಾಗುತ್ತದೆ ಎಂದು ಇಟ್ಟುಕೊಳ್ಳಲಾಗಿದೆ.

ಮೊದಲನೇ ಯಂತ್ರ: ಬೆಲೆ ರೂ. 8,000, ಫಿಲ್ಟರ್ ಒಂದಕ್ಕೆ ರೂ. 3,000. ಐದು ವರ್ಷಗಳ ಒಟ್ಟು ವೆಚ್ಚ ರೂ. 8,000 + 12,000 = ರೂ. 20,000.

ಎರಡನೇ ಯಂತ್ರ: ಬೆಲೆ ರೂ. 12,000, ಫಿಲ್ಟರ್ ಒಂದಕ್ಕೆ ರೂ. 1,500. ಐದು ವರ್ಷಗಳ ಒಟ್ಟು ವೆಚ್ಚ ರೂ. 12,000 + 6,000 = ರೂ. 18,000.

ಅಂಗಡಿಯಲ್ಲಿ ಅಗ್ಗವಾಗಿ ಕಂಡ ಯಂತ್ರವು ಅಂತಿಮವಾಗಿ ದುಬಾರಿಯಾಗಬಹುದು ಎಂಬುದು ಇದರಿಂದ ತಿಳಿಯುತ್ತದೆ. ವಿದ್ಯುತ್ ವೆಚ್ಚವನ್ನು ಇದಕ್ಕೆ ಸೇರಿಸಬೇಕು. 40 ವ್ಯಾಟ್ ಯಂತ್ರವನ್ನು ದಿನಕ್ಕೆ 10 ಗಂಟೆ ಬಳಸಿದಲ್ಲಿ ವರ್ಷಕ್ಕೆ 146 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ವರ್ಷಕ್ಕೊಮ್ಮೆ ಫಿಲ್ಟರ್ ಖರೀದಿಸುವ ಶಕ್ತಿಯಿಲ್ಲದ ಕುಟುಂಬವು ಯಂತ್ರವನ್ನು ಖರೀದಿಸುವ ಬದಲು ಆ ಹಣವನ್ನು ಕಿಟಕಿ ಜಾಲರಿ, ಎಕ್ಸಾಸ್ಟ್ ಫ್ಯಾನ್ ಮತ್ತು ಸೊಳ್ಳೆ ಪರದೆಗಳಿಗೆ ವಿನಿಯೋಗಿಸುವುದು ಸೂಕ್ತ.

8. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಸಿ.ಎ.ಡಿ.ಆರ್. ಅಂಕಿ ಮತ್ತು ಫಿಲ್ಟರಿನ ದರ್ಜೆಯನ್ನು ಸ್ಪಷ್ಟವಾಗಿ ನಮೂದಿಸಲಾಗಿದೆಯೇ?
(ಆ) ಬದಲಿ ಫಿಲ್ಟರ್ ಸ್ಥಳೀಯವಾಗಿ ಅಥವಾ ಆನ್‌ಲೈನ್ ಮೂಲಕ ದೊರೆಯುತ್ತದೆಯೇ, ಅದರ ಬೆಲೆ ಎಷ್ಟು?
(ಇ) ಹೆಪಾ ಮತ್ತು ಇದ್ದಿಲಿನ ಪದರಗಳು ಬೇರೆ ಬೇರೆಯಾಗಿವೆಯೇ ಅಥವಾ ಒಂದಕ್ಕೊಂದು ಅಂಟಿಕೊಂಡಿವೆಯೇ? ಅಂಟಿಕೊಂಡಿದ್ದಲ್ಲಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕಾಗುತ್ತದೆ.
(ಈ) ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರು ಅಥವಾ ಆಮದುದಾರರ ಹೆಸರು ಹಾಗೂ ಗ್ರಾಹಕ ಸೇವಾ ದೂರವಾಣಿ ಸಂಖ್ಯೆ ಇವೆಯೇ?
(ಉ) ವಾರಂಟಿಯು ಯಂತ್ರಕ್ಕೆ ಎಷ್ಟು, ಮೋಟಾರಿಗೆ ಎಷ್ಟು? ಫಿಲ್ಟರ್ ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ.
(ಊ) ಜಿ.ಎಸ್.ಟಿ. ರಶೀದಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಲಾಗಿದೆಯೇ?

9. ಯಂತ್ರದ ಬಳಕೆ

ಯಂತ್ರವನ್ನು ಗೋಡೆ ಮತ್ತು ಪರದೆಗಳಿಂದ ಸುಮಾರು ಒಂದು ಅಡಿ ದೂರದಲ್ಲಿ, ಗಾಳಿ ಒಳಹೋಗುವ ಭಾಗಕ್ಕೆ ಅಡ್ಡಿಯಾಗದಂತೆ ಇಡತಕ್ಕದ್ದು. ಚಾಲನೆಯಲ್ಲಿರುವಾಗ ಬಾಗಿಲು ಮತ್ತು ಕಿಟಕಿಗಳನ್ನು ಮುಚ್ಚಿರಬೇಕು. ತೆರೆದಿದ್ದಲ್ಲಿ ಹೊರಗಿನ ಧೂಳು ನಿರಂತರವಾಗಿ ಒಳಬರುತ್ತದೆ. ಆದರೆ ಶೋಧಕವು ಉಸಿರಾಟದಿಂದ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ತೆಗೆಯುವುದಿಲ್ಲ, ಆಮ್ಲಜನಕವನ್ನು ಉತ್ಪಾದಿಸುವುದೂ ಇಲ್ಲ. ಆದ್ದರಿಂದ ಹೊರಗಿನ ಗಾಳಿ ಉತ್ತಮವಾಗಿರುವ ವೇಳೆಯಲ್ಲಿ ದಿನಕ್ಕೆ ಒಂದೆರಡು ಬಾರಿ ಕಿಟಕಿಗಳನ್ನು ತೆರೆಯುವುದು ಕಡ್ಡಾಯವೆಂದು ಭಾವಿಸತಕ್ಕದ್ದು. ಮಲಗುವುದಕ್ಕೆ ಅರ್ಧ ಗಂಟೆ ಮೊದಲು ಗರಿಷ್ಠ ವೇಗದಲ್ಲಿ ನಡೆಸಿ ಅನಂತರ ವೇಗವನ್ನು ತಗ್ಗಿಸಬಹುದಾಗಿದೆ.

10. ಶುಚಿಗೊಳಿಸುವ ಮತ್ತು ಬದಲಾಯಿಸುವ ಅವಧಿ

ಮೊದಲಿಗೆ ತಯಾರಕರ ಕೈಪಿಡಿಯಲ್ಲಿರುವ ಸೂಚನೆಯನ್ನು ಪಾಲಿಸತಕ್ಕದ್ದು. ಸಾಮಾನ್ಯವಾಗಿ ಅನ್ವಯಿಸುವ ಅವಧಿಗಳು ಈ ಕೆಳಗಿನಂತಿವೆ:

ಏ.ಸಿ. ಜಾಲರಿ: ಬಳಕೆಯ ದಿನಗಳಲ್ಲಿ ಎರಡು ವಾರಗಳಿಗೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸುವುದು.
ಪೂರ್ವ ಶೋಧಕ: ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶುಚಿಗೊಳಿಸುವುದು.
ಚಿಮಣಿಯ ಲೋಹದ ಫಿಲ್ಟರ್: ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯುವುದು. ಜಿಡ್ಡು ಕಟ್ಟಿದ ಫಿಲ್ಟರ್ ಬೆಂಕಿ ಅವಘಡಕ್ಕೂ ಕಾರಣವಾಗಬಹುದು.
ಇದ್ದಿಲಿನ ಫಿಲ್ಟರ್: ಮೂರರಿಂದ ಆರು ತಿಂಗಳಿಗೊಮ್ಮೆ ಬದಲಾಯಿಸುವುದು.
ಹೆಪಾ ಫಿಲ್ಟರ್: ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಾಯಿಸುವುದು.

ಮುಖ್ಯರಸ್ತೆ ಅಥವಾ ಕಟ್ಟಡ ಕಾಮಗಾರಿಯ ಪಕ್ಕದ ಮನೆಗಳಲ್ಲಿ ಈ ಅವಧಿಯು ಇನ್ನೂ ಕಡಿಮೆಯಾಗುತ್ತದೆ. ಹಲವು ಯಂತ್ರಗಳ ಸೂಚಕ ದೀಪವು ಚಾಲನೆಯ ಗಂಟೆಗಳನ್ನು ಮಾತ್ರ ಎಣಿಸುತ್ತದೆ. ಫಿಲ್ಟರಿನಲ್ಲಿ ಎಷ್ಟು ಧೂಳು ಕಟ್ಟಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಫಿಲ್ಟರನ್ನು ಹೊರತೆಗೆದು ನೋಡುವುದು ಉತ್ತಮ. ಬಿಳಿಯ ಹಾಳೆಯು ದಟ್ಟ ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದಲ್ಲಿ, ಗಾಳಿಯ ಹರಿವು ತಗ್ಗಿದ್ದಲ್ಲಿ, ಯಂತ್ರದ ಶಬ್ದ ಹೆಚ್ಚಿದ್ದಲ್ಲಿ ಅಥವಾ ವಾಸನೆ ಬರತೊಡಗಿದಲ್ಲಿ ಅವಧಿ ಮುಗಿಯುವವರೆಗೆ ಕಾಯದೆ ಬದಲಾಯಿಸತಕ್ಕದ್ದು.

ಹೆಪಾ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ನೀರು ತಗುಲಿದಲ್ಲಿ ಅದರ ಸೂಕ್ಷ್ಮ ನಾರುಗಳ ರಚನೆ ಕೆಡುತ್ತದೆ. ತೇವ ಉಳಿದಲ್ಲಿ ಬೂಷ್ಟು ಬೆಳೆಯುತ್ತದೆ. ತೊಳೆಯಬಹುದೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ತಿಳಿಸಿರುವ ಫಿಲ್ಟರುಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

11. ಫಿಲ್ಟರ್ ಬದಲಾಯಿಸುವ ವಿಧಾನ

(1) ಯಂತ್ರವನ್ನು ನಿಲ್ಲಿಸಿ, ಪ್ಲಗ್ ತೆಗೆಯುವುದು.
(2) ಮೂಗು ಮತ್ತು ಬಾಯಿ ಮುಚ್ಚುವಂತೆ ಮಾಸ್ಕ್ ಧರಿಸುವುದು. ಉಬ್ಬಸವಿರುವವರು ಮತ್ತು ಮಕ್ಕಳು ಈ ಕೆಲಸವನ್ನು ಮಾಡದಿರುವುದು ಹಾಗೂ ಕೊಠಡಿಯಿಂದ ಹೊರಗಿರುವುದು.
(3) ಸಾಧ್ಯವಾದಲ್ಲಿ ಯಂತ್ರವನ್ನು ಬಾಲ್ಕನಿ ಅಥವಾ ಅಂಗಳಕ್ಕೆ ಒಯ್ದು ತೆರೆಯುವುದು.
(4) ಹಳೆಯ ಫಿಲ್ಟರನ್ನು ಕೊಡವದೆ, ಬಡಿಯದೆ, ನೇರವಾಗಿ ಚೀಲದೊಳಗೆ ಹಾಕಿ ಬಾಯಿ ಕಟ್ಟುವುದು.
(5) ಯಂತ್ರದ ಒಳಭಾಗವನ್ನು ಸ್ವಲ್ಪ ಒದ್ದೆಯಾದ ಬಟ್ಟೆಯಿಂದ ಒರೆಸಿ ಒಣಗಲು ಬಿಡುವುದು.
(6) ಹೊಸ ಫಿಲ್ಟರಿನ ಪ್ಲಾಸ್ಟಿಕ್ ಹೊದಿಕೆಯನ್ನು ತಪ್ಪದೇ ತೆಗೆಯುವುದು. ಹೊಸ ಯಂತ್ರದೊಳಗಿನ ಫಿಲ್ಟರಿಗೂ ಹೊದಿಕೆ ಇರುತ್ತದೆ. ಅದನ್ನು ತೆಗೆಯದೆ ಬಳಸಿದಲ್ಲಿ ಗಾಳಿಯು ಶೋಧನೆಯಾಗುವುದಿಲ್ಲ.
(7) ಬಾಣದ ಗುರುತಿನ ದಿಕ್ಕಿನಲ್ಲಿ, ಅಂಚುಗಳಲ್ಲಿ ಸಂದು ಉಳಿಯದಂತೆ ಕೂರಿಸುವುದು. ಸಂದಿನ ಮೂಲಕ ಹಾಯುವ ಗಾಳಿಯು ಶೋಧನೆಯಾಗದೆ ಹೊರಬರುತ್ತದೆ.
(8) ಫಿಲ್ಟರಿನ ಚೌಕಟ್ಟಿನ ಮೇಲೆ ಬದಲಾಯಿಸಿದ ದಿನಾಂಕವನ್ನು ಬರೆದು, ಸೂಚಕ ದೀಪವನ್ನು ಮರುಹೊಂದಿಸುವುದು.

ಬಳಸಿದ ಫಿಲ್ಟರನ್ನು ಒಣ ಕಸದೊಂದಿಗೆ ನೀಡತಕ್ಕದ್ದು, ಸುಡಬಾರದು. ಕೆಟ್ಟುಹೋದ ಯಂತ್ರವನ್ನು ಇ-ತ್ಯಾಜ್ಯವಾಗಿ ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ನೀಡತಕ್ಕದ್ದು.

12. ಸಂಬಂಧಿಸಿದ ಸೇವೆಗಳು ಮತ್ತು ದೂರು ಸಲ್ಲಿಕೆ

12.1 ಅಡುಗೆ ಅನಿಲ ಸಂಪರ್ಕ: ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಉಜ್ವಲ ಯೋಜನೆಯು 2016ರ ಮೇ 1ರಂದು ಜಾರಿಗೆ ಬಂದಿದ್ದು, ಬಡ ಕುಟುಂಬದ ವಯಸ್ಕ ಮಹಿಳೆಯ ಹೆಸರಿನಲ್ಲಿ ಠೇವಣಿರಹಿತ ಸಂಪರ್ಕವನ್ನು ನೀಡಲಾಗುತ್ತದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು ಹಾಗೂ ಅದೇ ಕುಟುಂಬದಲ್ಲಿ ಬೇರೆ ಅನಿಲ ಸಂಪರ್ಕ ಇರಬಾರದು. ನಿಗದಿತ ನಮೂನೆಯೊಂದಿಗೆ ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಸಮೀಪದ ಇಂಡೇನ್, ಭಾರತ್ ಗ್ಯಾಸ್ ಅಥವಾ ಎಚ್.ಪಿ. ಗ್ಯಾಸ್ ವಿತರಕರಿಗೆ ಸಲ್ಲಿಸಬಹುದಾಗಿದೆ. ಹೊಸ ಸಂಪರ್ಕಗಳ ಲಭ್ಯತೆಯನ್ನು ಅರ್ಜಿ ಸಲ್ಲಿಸುವ ಮುನ್ನ ವಿತರಕರಲ್ಲಿ ವಿಚಾರಿಸತಕ್ಕದ್ದು.

12.2 ದೋಷಪೂರಿತ ಯಂತ್ರ ಅಥವಾ ದಾರಿತಪ್ಪಿಸುವ ಜಾಹೀರಾತು: ಮೊದಲು ಮಾರಾಟಗಾರರಿಗೆ ಲಿಖಿತ ದೂರು ನೀಡತಕ್ಕದ್ದು. ಆನ್‌ಲೈನ್ ಖರೀದಿಯಾದಲ್ಲಿ, 2020ರ ನಿಯಮಗಳಂತೆ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಖರೀದಿಯ ಮೊತ್ತ ಐದು ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕ ಇರುವುದಿಲ್ಲ. ರಶೀದಿ, ವಾರಂಟಿ ಪತ್ರ, ಜಾಹೀರಾತಿನ ಪ್ರತಿ ಮತ್ತು ಪೆಟ್ಟಿಗೆಯ ಛಾಯಾಚಿತ್ರಗಳನ್ನು ಲಗತ್ತಿಸತಕ್ಕದ್ದು.

12.3 ಹೊರಗಿನ ಮಾಲಿನ್ಯ: ಕಸ ಸುಡುವಿಕೆ ಮತ್ತು ಕಾಮಗಾರಿಯ ಧೂಳಿನ ಬಗ್ಗೆ ಆಯಾ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಗೂ, ಕೈಗಾರಿಕೆಗಳ ಹೊಗೆಯ ಬಗ್ಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ದೂರು ನೀಡಬಹುದಾಗಿದೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕುಂಡದ ಗಿಡಗಳನ್ನು ಇಟ್ಟಲ್ಲಿ ಶೋಧಕದ ಅಗತ್ಯ ತಪ್ಪುತ್ತದೆಯೇ?
ಉತ್ತರ: ಇಲ್ಲ. 2019ರಲ್ಲಿ ಪ್ರಕಟವಾದ ವೈಜ್ಞಾನಿಕ ವಿಮರ್ಶೆಯ ಪ್ರಕಾರ, ಕಿಟಕಿ–ಬಾಗಿಲುಗಳಿಂದ ಆಗುವ ಸಾಮಾನ್ಯ ಗಾಳಿ ಸಂಚಾರಕ್ಕೆ ಸಮನಾಗಿ ರಾಸಾಯನಿಕ ಆವಿಗಳನ್ನು ತೆಗೆಯಲು ಒಂದು ಚದರ ಮೀಟರ್ ನೆಲಕ್ಕೆ ಕನಿಷ್ಠ ಹತ್ತು ಗಿಡಗಳು ಬೇಕಾಗುತ್ತವೆ.

ಪ್ರಶ್ನೆ: ಯಂತ್ರ ಚಾಲನೆಯಲ್ಲಿರುವಾಗ ಸೀಲಿಂಗ್ ಫ್ಯಾನ್ ಬಳಸಬಹುದೇ?
ಉತ್ತರ: ಬಳಸಬಹುದು. ಕಡಿಮೆ ವೇಗದ ಫ್ಯಾನ್ ಕೊಠಡಿಯ ಗಾಳಿಯನ್ನು ಬೆರೆಸಲು ಸಹಾಯಕವಾಗುತ್ತದೆ.

ಪ್ರಶ್ನೆ: ಯಂತ್ರವಿದ್ದಲ್ಲಿ ಕೊಠಡಿಯಲ್ಲಿ ಧೂಮಪಾನ ಮಾಡಬಹುದೇ?
ಉತ್ತರ: ಮಾಡಬಾರದು. ಹೊಗೆಯಲ್ಲಿರುವ ಅನಿಲಗಳನ್ನು ಫಿಲ್ಟರ್ ಪೂರ್ಣವಾಗಿ ತೆಗೆಯಲಾರದು.

ಪ್ರಶ್ನೆ: ಉಬ್ಬಸದ ರೋಗಿಯು ಯಂತ್ರ ಬಳಸಿದಲ್ಲಿ ಔಷಧಿ ನಿಲ್ಲಿಸಬಹುದೇ?
ಉತ್ತರ: ಯಾವುದೇ ಕಾರಣಕ್ಕೂ ವೈದ್ಯರ ಸಲಹೆಯಿಲ್ಲದೆ ಇನ್ಹೇಲರ್ ಅಥವಾ ಔಷಧಿಯನ್ನು ನಿಲ್ಲಿಸಬಾರದು. ಯಂತ್ರವು ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಪ್ರಶ್ನೆ: ಬೇರೆ ತಯಾರಕರ ಅಗ್ಗದ ಬದಲಿ ಫಿಲ್ಟರ್ ಬಳಸಬಹುದೇ?
ಉತ್ತರ: ಅಳತೆ ಸರಿಯಾಗಿ ಹೊಂದಿಕೊಂಡು, ದರ್ಜೆಯನ್ನು ಸ್ಪಷ್ಟವಾಗಿ ನಮೂದಿಸಿದ್ದಲ್ಲಿ ಬಳಸಬಹುದು. ವಾರಂಟಿ ಅವಧಿಯಲ್ಲಿ ಈ ಬಗ್ಗೆ ಇರುವ ಷರತ್ತನ್ನು ಮುಂಚಿತವಾಗಿ ಓದಿಕೊಳ್ಳತಕ್ಕದ್ದು.

14. ಸೂಚನೆ

ಈ ಪುಟದ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಒದಗಿಸಲಾಗಿದೆ. ಯಾವುದೇ ನಿರ್ದಿಷ್ಟ ಯಂತ್ರ, ಫಿಲ್ಟರ್ ಅಥವಾ ತಯಾರಕರನ್ನು ಶಿಫಾರಸು ಮಾಡಲಾಗಿರುವುದಿಲ್ಲ. ಲೆಕ್ಕದಲ್ಲಿ ತೋರಿಸಿರುವ ಬೆಲೆಗಳು ಉದಾಹರಣೆಗಾಗಿ ನೀಡಿದವುಗಳಾಗಿವೆ. ಉಸಿರಾಟದ ತೊಂದರೆಯಿರುವವರು ಸಮೀಪದ ಸರ್ಕಾರಿ ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಸಂಪರ್ಕಿಸಲು ಕೋರಲಾಗಿದೆ.